ವೃತ್ತಿಪರ ಸೇವೆಗಳಲ್ಲಿ ಗಂಟೆ ಲೆಕ್ಕದ ತಂತ್ರಾಂಶ

ವಕೀಲರು, ಚಾರ್ಟರ್ಡ್ ಅಕೌಂಟೆಂಟರು, ವಾಸ್ತುಶಿಲ್ಪಿಗಳು, ಎಂಜಿನಿಯರಿಂಗ್ ಸಲಹೆಗಾರರು, ಸಾಫ್ಟ್‌ವೇರ್ ಸೇವಾ ಕಂಪನಿಗಳು ಮಾರುವುದು ತಿಳಿವಳಿಕೆಯನ್ನು. ತಿಳಿವಳಿಕೆಯನ್ನು ಅಳೆದು ಕೊಡುವ ಸಾಧನ ಯಾವುದೂ ಇಲ್ಲ. ಹಾಗಾಗಿ ಅದನ್ನು ಬಳಸಲು ಹಿಡಿದ ಹೊತ್ತನ್ನು ಅಳೆದು ಹಣ ಕೇಳುವ ರೂಢಿ ಇಪ್ಪತ್ತನೆಯ ಶತಮಾನದಲ್ಲಿ ಬೇರೂರಿತು. ಯಾರು, ಯಾವ ಗ್ರಾಹಕರ ಯಾವ ಕೆಲಸಕ್ಕೆ, ಯಾವ ದಿನ, ಎಷ್ಟು ಹೊತ್ತು ಕೊಟ್ಟರು ಎಂಬುದನ್ನು ದಾಖಲಿಸಿ, ಮೇಲಿನವರ ಒಪ್ಪಿಗೆ ಪಡೆದು, ದರದಿಂದ ಗುಣಿಸಿ ಬಿಲ್ ಹೊರಡಿಸುವ ಗಣಕ ವ್ಯವಸ್ಥೆಯೇ ಗಂಟೆ ಲೆಕ್ಕದ ತಂತ್ರಾಂಶ. ಕಚೇರಿಗಳ ಮಾತಿನಲ್ಲಿ ದಾಖಲೆಗೂ ಅದನ್ನು ತುಂಬುವ ಪರದೆಗೂ ಒಟ್ಟಾಗಿ ‘ಟೈಮ್‌ಶೀಟ್’ ಎಂದೇ ಹೆಸರು.

ಹಳೆಯ ಮಂಡಿಗಳಲ್ಲಿ ದಿನದ ವಹಿವಾಟು ಮೊದಲು ಕಿರ್ದಿಗೆ ಬಿದ್ದು, ಆಮೇಲೆ ಖಾತೆಗೆ ಏರುತ್ತಿತ್ತು. ಟೈಮ್‌ಶೀಟ್ ಸೇವಾ ಸಂಸ್ಥೆಯ ಕಿರ್ದಿ. ಅದನ್ನು ಹಾಜರಿ ಪುಸ್ತಕದ ಹೊಸ ರೂಪವೆಂದು ಭಾವಿಸುವುದರಿಂದ ಹಲವು ಗೊಂದಲಗಳು ಹುಟ್ಟಿವೆ. ಹಾಜರಿ ಪುಸ್ತಕ ಕೆಲಸಗಾರ ಎಲ್ಲಿದ್ದ ಎಂದು ಹೇಳುತ್ತದೆ. ಟೈಮ್‌ಶೀಟ್ ಯಾರ ಹೆಸರಿಗೆ ಎಷ್ಟು ಖರ್ಚು ಬರೆಯಬೇಕು ಎಂದು ಹೇಳುತ್ತದೆ. ಗಂಟೆಯ ಲೆಕ್ಕ ಮೊದಲು ಸಂಸ್ಥೆಯ ಒಳಖರ್ಚಿನ ಅಳತೆಯಾಗಿ ಹುಟ್ಟಿತು, ಆಮೇಲೆ ಬೆಲೆಯಾಯಿತು, ಕೊನೆಗೆ ನೌಕರ ಮುಟ್ಟಬೇಕಾದ ಗುರಿಯಾಯಿತು. ಈ ಮೂರೂ ಕೆಲಸಗಳನ್ನು ಒಂದೇ ಅಂಕಿಯ ಮೇಲೆ ಹೊರಿಸಿದ್ದೇ ಇಂದಿನ ತಂತ್ರಾಂಶಗಳ ಬಹುಪಾಲು ತಕರಾರುಗಳ ಮೂಲ.

ಗಡಿಯಾರದಿಂದ ಬಿಲ್ಲಿಗೆ

ಕಾರ್ಖಾನೆಯ ಹಾಜರಿ ಯಂತ್ರದ ಕಥೆ ಬೇರೆಯೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿದ್ದ ಆಭರಣ ವ್ಯಾಪಾರಿ ವಿಲರ್ಡ್ ಬಂಡಿ ತನ್ನ ಸಮಯ ದಾಖಲಾತಿ ಯಂತ್ರಕ್ಕೆ 1890ರಲ್ಲಿ ಪೇಟೆಂಟ್ ಪಡೆದ. ಅವನ ಕಂಪನಿ ಇತರ ಗಡಿಯಾರ ಕಂಪನಿಗಳೊಡನೆ ಸೇರಿ, 1911ರಲ್ಲಿ ಕಂಪ್ಯೂಟಿಂಗ್-ಟ್ಯಾಬ್ಯುಲೇಟಿಂಗ್-ರೆಕಾರ್ಡಿಂಗ್ ಕಂಪನಿಯ ಭಾಗವಾಯಿತು. ಆ ಕಂಪನಿಯೇ 1924ರಲ್ಲಿ ಐಬಿಎಂ ಎಂದು ಹೆಸರು ಬದಲಿಸಿಕೊಂಡಿತು. ಗಣಕಯಂತ್ರಗಳಿಗೆ ಹೆಸರಾದ ಸಂಸ್ಥೆಯ ಬೇರುಗಳಲ್ಲೊಂದು ಕೂಲಿಯವರ ಹಾಜರಿ ಗಡಿಯಾರದಲ್ಲಿದೆ. ಆದರೆ ವಕೀಲನೋ ಲೆಕ್ಕಪರಿಶೋಧಕನೋ ಇಂಥ ಯಂತ್ರದ ಮುಂದೆ ಸಾಲು ನಿಂತದ್ದಿಲ್ಲ. ಅವರ ಗಂಟೆ ಲೆಕ್ಕ ಬಂದ ದಾರಿ ಇನ್ನೊಂದು.

ಅದನ್ನು ತೆರೆದವರಲ್ಲಿ ಮುಖ್ಯನಾದವನು ರೆಜಿನಾಲ್ಡ್ ಹೀಬರ್ ಸ್ಮಿತ್. ಹಾರ್ವರ್ಡ್‌ನಲ್ಲಿ ಕಾನೂನು ಓದಿ 1914ರಲ್ಲಿ ಬೋಸ್ಟನ್ ಲೀಗಲ್ ಏಡ್ ಸೊಸೈಟಿಯ ಹೊಣೆ ಹೊತ್ತಾಗ ಅವನ ಮುಂದಿದ್ದದ್ದು ಬಡವರ ಸಾವಿರಾರು ಪ್ರಕರಣಗಳು ಮತ್ತು ಬರಿದಾದ ಬೊಕ್ಕಸ. ಒಂದೊಂದು ಪ್ರಕರಣಕ್ಕೆ ಎಷ್ಟು ಖರ್ಚು ತಗಲುತ್ತಿದೆ ಎಂದು ತಿಳಿಯದೆ ಕಚೇರಿ ನಡೆಸುವುದು ಸಾಧ್ಯವಿರಲಿಲ್ಲ. ವಕೀಲರ ಹೊತ್ತನ್ನು ಬರೆದಿಡುವ ಶಿಸ್ತು ಅವನಿಗೆ ರೂಢಿಯಾದದ್ದು ಅಲ್ಲಿ. ಅಂದರೆ, ಇಂದು ದುಬಾರಿ ಕಾನೂನು ಸಂಸ್ಥೆಗಳ ಗುರುತಾಗಿರುವ ಪದ್ಧತಿ ಮೊಳೆತದ್ದು ಕಕ್ಷಿದಾರರಿಗೆ ಬಿಲ್ಲನ್ನೇ ಕಳಿಸದ ಕಚೇರಿಯಲ್ಲಿ. 1919ರಲ್ಲಿ ಅವನು ಬಡವರ ನ್ಯಾಯದ ಬಗೆಗಿನ ತನ್ನ ಪ್ರಸಿದ್ಧ ಅಧ್ಯಯನವನ್ನು ಪ್ರಕಟಿಸಿದ. ಅದೇ ವರ್ಷ ಹೇಲ್ ಅಂಡ್ ಡೋರ್ ಎಂಬ ಬೋಸ್ಟನ್ ಸಂಸ್ಥೆಯ ಆಡಳಿತ ಪಾಲುದಾರನಾಗಿ, ದಿನವಹಿ ಟೈಮ್‌ಶೀಟನ್ನು ಅಲ್ಲಿಗೂ ತಂದ. ಗಂಟೆಯನ್ನು ಹತ್ತು ಪಾಲು ಮಾಡಿ ಆರಾರು ನಿಮಿಷ ಎಣಿಸುವ ಲೆಕ್ಕವೂ ಅವನ ಹೆಸರಿನೊಡನೆ ಸೇರಿಕೊಂಡಿದೆ.

ಆದರೂ ಬಹುಕಾಲ ಈ ಲೆಕ್ಕ ಕಚೇರಿಯೊಳಗೇ ಉಳಿಯಿತು. ಶುಲ್ಕ ನಿಗದಿಯಾಗುತ್ತಿದ್ದದ್ದು ಕೆಲಸದ ತೂಕ, ಕಕ್ಷಿದಾರನ ಶಕ್ತಿ, ಊರಿನ ವಕೀಲರ ಸಂಘದ ಕನಿಷ್ಠ ದರಪಟ್ಟಿ ನೋಡಿಕೊಂಡು. 1958ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ಒಂದು ಕಿರುಹೊತ್ತಿಗೆ ಹೊರಡಿಸಿ, ವಕೀಲರ ವರಮಾನ ವೈದ್ಯರಿಗಿಂತ ಹಿಂದೆ ಬಿದ್ದಿದೆ, ಹೊತ್ತಿನ ದಾಖಲೆ ಇಟ್ಟವರು ಹೆಚ್ಚು ಗಳಿಸುತ್ತಾರೆ ಎಂದು ಬೋಧಿಸಿತು. ವರ್ಷಕ್ಕೆ ಸುಮಾರು 1,300 ಗಂಟೆ ಮಾತ್ರ ಬಿಲ್ ಮಾಡಲು ಸಿಗುತ್ತದೆ ಎಂಬುದು ಅದರ ಅಂದಾಜು. ಇಂದು ಅಮೆರಿಕದ ದೊಡ್ಡ ಸಂಸ್ಥೆಗಳು ಕಿರಿಯ ವಕೀಲರಿಂದ 1,900ರಿಂದ 2,000 ಗಂಟೆ ನಿರೀಕ್ಷಿಸುತ್ತವೆ.

ದರಪಟ್ಟಿಗಳಿಗೆ ಕೊನೆಯ ಪೆಟ್ಟು ಕೊಟ್ಟದ್ದು ವರ್ಜೀನಿಯಾದ ಗೋಲ್ಡ್‌ಫಾರ್ಬ್ ಮೊಕದ್ದಮೆ. ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ 1971ರಲ್ಲಿ ಮನೆ ಕೊಳ್ಳಲು ಹೊರಟ ದಂಪತಿಗೆ ಹಕ್ಕುಪತ್ರ ಪರಿಶೀಲನೆಗೆ ವಕೀಲರು ಬೇಕಾಗಿದ್ದರು. ಸಿಕ್ಕವರು ಸಂಘದ ಪಟ್ಟಿಯ ದರವನ್ನೇ ಹೇಳಿದರು, ಆಸ್ತಿಯ ಬೆಲೆಯ ಶೇ. 1. ದಂಪತಿ ಇನ್ನೂ 36 ವಕೀಲರಿಗೆ ಪತ್ರ ಬರೆದರು. ಉತ್ತರ ಕೊಟ್ಟ 19 ಮಂದಿಯಲ್ಲಿ ಒಬ್ಬರೂ ಅದಕ್ಕಿಂತ ಕಡಿಮೆಗೆ ಒಪ್ಪಲಿಲ್ಲ. ಇದು ಪೈಪೋಟಿಯನ್ನು ತಡೆಯುವ ಒಳಒಪ್ಪಂದವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ ತೀರ್ಪಿತ್ತಿತು. ಪಟ್ಟಿ ಹೋದ ಮೇಲೆ ಶುಲ್ಕಕ್ಕೆ ಬೇರೊಂದು ಆಧಾರ ಬೇಕಾಯಿತು. ಕಚೇರಿಗಳ ಕಪಾಟಿನಲ್ಲಿ ಗಂಟೆ ಲೆಕ್ಕ ಆಗಲೇ ಸಿದ್ಧವಾಗಿತ್ತು. ಅಳತೆ ಬೆಲೆಯಾಗಿ ಬದಲಾದ ಕಾಲ ಇದು.

ಮುಂದಿನದು ವೇಗವಾಗಿ ಸಾಗಿತು. 1980ರ ದಶಕದಲ್ಲಿ ಟೈಮ್‌ಸ್ಲಿಪ್ಸ್‌ನಂಥ ತಂತ್ರಾಂಶಗಳು ಸಣ್ಣ ಕಚೇರಿಗಳ ಗಣಕಗಳಿಗೂ ಬಂದವು. ನ್ಯೂಯಾರ್ಕ್‌ನ ಹಾರ್ವೆಸ್ಟ್, ಎಸ್ಟೋನಿಯಾದ ತಾಲಿನ್‌ನಲ್ಲಿ ಹುಟ್ಟಿದ ಟಾಗಲ್ ಎರಡೂ 2006ರವು. ಇವುಗಳೊಂದಿಗೆ ಗಂಟೆ ಲೆಕ್ಕ ಬ್ರೌಸರಿಗೂ ಆಮೇಲೆ ಮೊಬೈಲಿಗೂ ಇಳಿಯಿತು. ದೊಡ್ಡ ಸಂಸ್ಥೆಗಳು ಯೋಜನೆ, ಸಿಬ್ಬಂದಿ ಹಂಚಿಕೆ, ಬಿಲ್ಲು ಎಲ್ಲವನ್ನೂ ಒಂದೇ ಕಡೆ ಹೆಣೆಯುವ ಓಪನ್‌ಏರ್, ಎಸ್‌ಎಪಿ, ಒರಾಕಲ್ ತರಹದ ವ್ಯವಸ್ಥೆಗಳನ್ನು ಆರಿಸಿಕೊಂಡವು. ಕಿಮಾಯ್‌ನಂಥ ಮುಕ್ತ ತಂತ್ರಾಂಶಗಳನ್ನು ಸಂಸ್ಥೆಯದೇ ಸರ್ವರಿನಲ್ಲಿ ನಡೆಸಬಹುದು.

ಒಂದು ದಾಖಲೆಯ ಒಳಗೆ

ಯಾವ ತಂತ್ರಾಂಶವಾದರೂ ಅದರ ತಿರುಳು ಒಂದು ಸಾಲಿನ ದಾಖಲೆ: ವ್ಯಕ್ತಿ, ಗ್ರಾಹಕ, ಯೋಜನೆ, ಕೆಲಸದ ಬಗೆ, ದಿನಾಂಕ, ಅವಧಿ, ಬಿಲ್ ಆಗುತ್ತದೆಯೋ ಇಲ್ಲವೋ ಎಂಬ ಗುರುತು, ಮತ್ತು ಒಂದು ಟಿಪ್ಪಣಿ. ಉಳಿದದ್ದೆಲ್ಲ ಇದರ ಸುತ್ತ ಕಟ್ಟಿದ್ದು. ದಾಖಲಿಸುವ ಬಗೆ ಮೂರು. ಕೆಲಸ ಶುರುವಾದಾಗ ಗುಂಡಿ ಒತ್ತಿ ಮುಗಿದಾಗ ನಿಲ್ಲಿಸುವ ಟೈಮರ್. ದಿನದ ಅಥವಾ ವಾರದ ಕೊನೆಗೆ ನೆನಪಿನಿಂದ ಕೋಷ್ಟಕ ತುಂಬುವುದು. ಕ್ಯಾಲೆಂಡರು, ಇಮೇಲು, ತೆರೆದ ಕಡತಗಳನ್ನು ಗಮನಿಸಿ ತಂತ್ರಾಂಶವೇ ಕರಡು ಮಾಡಿ ಕೊಡುವುದು. ಮಾರಾಟದ ಜಾಹೀರಾತುಗಳು ಮೊದಲನೆಯದನ್ನೂ ಮೂರನೆಯದನ್ನೂ ಹೊಗಳುತ್ತವೆ. ಕಚೇರಿಗಳಲ್ಲಿ ಗೆದ್ದಿರುವುದು ಎರಡನೆಯದು. ಟೈಮರ್ ಓಡುತ್ತಿರುವಾಗ ಇನ್ನೊಬ್ಬ ಗ್ರಾಹಕರ ಫೋನ್ ಬರುತ್ತದೆ. ಗುಂಡಿ ಬದಲಿಸುವುದು ಮರೆತುಹೋಗುತ್ತದೆ. ಸಂಜೆ ನೋಡಿದರೆ ಊಟದ ಹೊತ್ತೂ ಯಾರದೋ ಲೆಕ್ಕಕ್ಕೆ ಸೇರಿರುತ್ತದೆ. ನೆನಪಿನಿಂದ ತುಂಬುವಾಗ ಕಳೆದುಹೋಗುವುದು ಸಣ್ಣ ತುಣುಕುಗಳು: ಐದು ನಿಮಿಷದ ಕರೆ, ಎರಡು ಸಾಲಿನ ಉತ್ತರ. ದೊಡ್ಡ ತುಣುಕುಗಳು ಮಾತ್ರ ಗುಂಡಗಾಗಿ ಉಳಿಯುತ್ತವೆ.

ಏಕಮಾನದ ಆಯ್ಕೆ ಚಿಲ್ಲರೆ ವಿಷಯದಂತೆ ಕಂಡರೂ ಬಿಲ್ಲಿನ ಮೊತ್ತವನ್ನೇ ಬದಲಿಸಬಲ್ಲದು. ಒಂದೇ ದಿನ ಮೂರು ಮೂರು ನಿಮಿಷದ ಐದು ಕರೆಗಳಾದವು ಎನ್ನಿ. ನಿಜವಾಗಿ ಹೋದದ್ದು 15 ನಿಮಿಷ. ಪ್ರತಿ ಕರೆಯನ್ನೂ ಆರು ನಿಮಿಷಕ್ಕೆ ಏರಿಸಿದರೆ ಬಿಲ್ಲಿನಲ್ಲಿ 30 ನಿಮಿಷ. ಕಾಲು ಗಂಟೆಯ ಕನಿಷ್ಠ ಹಿಡಿದರೆ 75 ನಿಮಿಷ. ಹಾಗಾಗಿ ಏರಿಸುವುದು ಪ್ರತಿ ದಾಖಲೆಗೋ ದಿನದ ಮೊತ್ತಕ್ಕೋ ಎಂಬುದನ್ನು ಒಪ್ಪಂದದಲ್ಲೇ ಬರೆದುಕೊಳ್ಳುವುದು ಲೇಸು. ದಶಮಾಂಶಕ್ಕೂ ತನ್ನದೇ ತಂಟೆಯಿದೆ. ಹತ್ತು ನಿಮಿಷವನ್ನು 0.17 ಗಂಟೆ ಎಂದು ಉಳಿಸಿಕೊಂಡರೆ ಅಂಥ ಆರು ದಾಖಲೆ ಸೇರಿ 1.02 ಗಂಟೆಯಾಗುತ್ತದೆ. ಒಳ್ಳೆಯ ತಂತ್ರಾಂಶ ಒಳಗೆ ನಿಮಿಷವನ್ನೋ ಸೆಕೆಂಡನ್ನೋ ಇಟ್ಟುಕೊಂಡು, ಬಿಲ್ ಬರೆಯುವಾಗ ಮಾತ್ರ ದಶಮಾಂಶಕ್ಕೆ ತಿರುಗಿಸುತ್ತದೆ.

ಟಿಪ್ಪಣಿಯ ಅಂಕಣವನ್ನು ಹೊಸಬರು ಹಗುರವಾಗಿ ಕಾಣುತ್ತಾರೆ. ಹಣ ಕೊಡುವವರು ಮೊದಲು ಓದುವುದೇ ಅದನ್ನು. ನಾಲ್ಕಾರು ಕೆಲಸಗಳನ್ನು ಒಂದೇ ದಾಖಲೆಯಲ್ಲಿ ಗಂಟು ಕಟ್ಟಿ ‘ಐದು ಗಂಟೆ’ ಎಂದು ಬರೆಯುವುದಕ್ಕೆ ಬ್ಲಾಕ್ ಬಿಲ್ಲಿಂಗ್ ಎನ್ನುತ್ತಾರೆ. ಯಾವುದಕ್ಕೆ ಎಷ್ಟು ಹಿಡಿಯಿತೆಂದು ತಿಳಿಯದ ಇಂಥ ಸಾಲುಗಳನ್ನು ಅಮೆರಿಕದ ಕಂಪನಿಗಳ ಕಾನೂನು ವಿಭಾಗಗಳು ಒಪ್ಪುವುದಿಲ್ಲ. ಕಾನೂನು ಕೆಲಸಗಳಿಗೆ ಸಂಕೇತಗಳ ಪಟ್ಟಿ 1990ರ ದಶಕದಲ್ಲಿ ಸಿದ್ಧವಾಯಿತು. ಬಿಲ್ಲನ್ನು ಗಣಕದಿಂದ ಗಣಕಕ್ಕೆ ಕಳಿಸುವ ಲೆಡೆಸ್ ನಮೂನೆ 1998ರಲ್ಲಿ ಬಂತು. ಈಗ ಒಂದು ಕಡೆಯ ತಂತ್ರಾಂಶ ಬರೆದ ಬಿಲ್ಲನ್ನು ಇನ್ನೊಂದು ಕಡೆಯ ತಂತ್ರಾಂಶ ಓದಿ, ನಿಯಮಕ್ಕೆ ಹೊಂದದ ಸಾಲುಗಳನ್ನು ವಾಪಸು ಅಟ್ಟುತ್ತದೆ.

ತಿದ್ದುಪಡಿಯ ಜಾಡನ್ನು ಉಳಿಸಿಕೊಳ್ಳುವ ಕಟ್ಟುನಿಟ್ಟಿಗೆ ಅಮೆರಿಕದ ರಕ್ಷಣಾ ಗುತ್ತಿಗೆಗಳು ದೊಡ್ಡ ಕಾರಣ. ಅಲ್ಲಿನ ಲೆಕ್ಕಪರಿಶೋಧಕರು ಹೊತ್ತನ್ನು ದಿನದಿನವೂ ಬರೆಯಬೇಕು, ಬಿಲ್ ಆಗದ ಹೊತ್ತನ್ನೂ ಬರೆಯಬೇಕು, ತಿದ್ದಿದರೆ ಯಾರು ಯಾವಾಗ ಯಾಕೆ ತಿದ್ದಿದರೆಂಬುದು ಉಳಿಯಬೇಕು ಎನ್ನುತ್ತಾರೆ. ಬಿಲ್ ಆಗದ ಹೊತ್ತನ್ನೂ ಕೇಳುವುದರಲ್ಲಿ ಅರ್ಥವಿದೆ: ಗುತ್ತಿಗೆದಾರ ಒಂದು ಯೋಜನೆಯ ನಷ್ಟವನ್ನು ಇನ್ನೊಂದರ ಲೆಕ್ಕಕ್ಕೆ ದಾಟಿಸಿದರೆ ಪೂರ್ತಿ ದಿನದ ಲೆಕ್ಕ ಎದುರಿಗಿದ್ದಾಗ ಮಾತ್ರ ಅದು ಸಿಕ್ಕಿಬೀಳುತ್ತದೆ.

ಮೂರು ಅನುಪಾತಗಳು

ವ್ಯವಸ್ಥಾಪಕರು ಈ ದಾಖಲೆಗಳಿಂದ ತೆಗೆಯುವುದು ಮುಖ್ಯವಾಗಿ ಮೂರು ಅಂಕಿಗಳನ್ನು. ದುಡಿಯಲು ಸಿಗುವ ಹೊತ್ತಿನಲ್ಲಿ ಬಿಲ್ ಆಗುವ ಕೆಲಸಕ್ಕೆ ಹೋದದ್ದೆಷ್ಟು ಎಂಬುದು ಯುಟಿಲೈಸೇಷನ್. ಹಾಗೆ ಬರೆದದ್ದರಲ್ಲಿ ನಿಜವಾಗಿ ಬಿಲ್ ಆದದ್ದೆಷ್ಟು ಎಂಬುದು ರಿಯಲೈಸೇಷನ್. ಬಿಲ್ ಆದದ್ದರಲ್ಲಿ ಕೈಗೆ ಬಂದದ್ದೆಷ್ಟು ಎಂಬುದು ವಸೂಲಿ.

ಒಂದು ಕಾಲ್ಪನಿಕ ಉದಾಹರಣೆ: ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2,080 ಗಂಟೆ. ರಜೆ, ಹಬ್ಬಗಳ 30 ದಿನ ಕಳೆದರೆ 1,840. ಅದರಲ್ಲಿ 1,380 ಗಂಟೆ ಗ್ರಾಹಕರ ಕೆಲಸವಾದರೆ ಯುಟಿಲೈಸೇಷನ್ ಶೇ. 75. ಗಂಟೆಗೆ 3,000 ರೂಪಾಯಿಯಂತೆ ಅದರ ಬೆಲೆ 41,40,000 ರೂಪಾಯಿ. ಕಿರಿಯರು ತಡಕಾಡಿದ ಹೊತ್ತನ್ನು ಗ್ರಾಹಕರಿಂದ ಕೇಳುವುದು ಹೇಗೆಂದು ಪಾಲುದಾರರು ಹತ್ತನೇ ಒಂದು ಪಾಲು ಹೊಡೆದುಹಾಕಿದರೆ 37,26,000. ಅದರಲ್ಲಿ ಶೇ. 95 ವಸೂಲಾದರೆ 35,39,700. ದುಡಿಯಲು ಸಿಗುವ ನೂರು ಗಂಟೆಯಲ್ಲಿ 64 ಮಾತ್ರ ಹಣವಾಯಿತು.

ಇಲ್ಲಿ ಓದುಗರು ಎಚ್ಚರ ವಹಿಸಬೇಕಾದ ಅಂಕಿ ಛೇದ. ಅದೇ 1,380ನ್ನು 1,840ರ ಬದಲು 2,080ರಿಂದ ಭಾಗಿಸಿದರೆ ಯುಟಿಲೈಸೇಷನ್ ಶೇ. 66ಕ್ಕೆ ಇಳಿಯುತ್ತದೆ. ಮನುಷ್ಯ ಅವನೇ, ದುಡಿಮೆಯೂ ಅಷ್ಟೇ. ಎರಡು ಸಂಸ್ಥೆಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವವರು ಇದನ್ನು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಇನ್ನೊಂದು ಕಪಟ ರಿಯಲೈಸೇಷನ್‌ನದು. ಬಿಲ್ ಕತ್ತರಿಸುವ ಮುಜುಗರ ತಪ್ಪಿಸಲು ಕಿರಿಯರು ತಾವೇ ಗಂಟೆಗಳನ್ನು ನುಂಗಿಕೊಂಡು ಕಡಿಮೆ ಬರೆದರೆ ಅನುಪಾತ ಚೆಂದ ಕಾಣುತ್ತದೆ. ಮುಂದಿನ ಯೋಜನೆಯ ಅಂದಾಜು ಆ ಸುಳ್ಳಿನ ಮೇಲೆ ನಿಲ್ಲುತ್ತದೆ, ಮತ್ತೆ ಯಾರೋ ರಾತ್ರಿ ಕೂತು ದುಡಿಯುತ್ತಾರೆ. ಹೆಚ್ಚು ಬರೆಯುವ ವಂಚನೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ; ಕಡಿಮೆ ಬರೆಯುವುದರ ಹಾನಿ ಅದಕ್ಕಿಂತ ಸಣ್ಣದೇನಲ್ಲ.

ಬೆಂಗಳೂರಿನ ಟೈಮ್‌ಶೀಟ್

ಭಾರತದ ನ್ಯಾಯಾಲಯಗಳ ವಕೀಲರು ಬಹುಮಟ್ಟಿಗೆ ಹಾಜರಾತಿಗಿಷ್ಟು, ಪ್ರಕರಣಕ್ಕಿಷ್ಟು ಎಂದು ಶುಲ್ಕ ಪಡೆಯುತ್ತಾರೆ. ಗೆದ್ದರೆ ಇಷ್ಟು ಪಾಲು ಎಂಬ ಕರಾರನ್ನು ಬಾರ್ ಕೌನ್ಸಿಲ್ ನಿಯಮಗಳು ಒಪ್ಪುವುದಿಲ್ಲ. ಗಂಟೆ ಲೆಕ್ಕ ಕಂಪನಿ ವ್ಯವಹಾರ ನೋಡುವ ದೊಡ್ಡ ಕಾನೂನು ಸಂಸ್ಥೆಗಳಲ್ಲಿದೆ. ಲೆಕ್ಕಪರಿಶೋಧಕರಿಗೆ ಅವರ ಸಂಸ್ಥೆಯದೇ ಶಿಫಾರಸು ಶುಲ್ಕಪಟ್ಟಿಯಿದೆ. ಹೀಗಾಗಿ ಕನ್ನಡ ನಾಡಿನಲ್ಲಿ ಟೈಮ್‌ಶೀಟನ್ನು ಮನೆಮಾತಾಗಿಸಿದ್ದು ವಕೀಲರಲ್ಲ, ಸಾಫ್ಟ್‌ವೇರ್ ಸೇವಾ ಕಂಪನಿಗಳು.

ಅವುಗಳ ಒಪ್ಪಂದಗಳು ಎರಡು ಬಗೆಯವು. ‘ಟೈಮ್ ಅಂಡ್ ಮೆಟೀರಿಯಲ್’ ಒಪ್ಪಂದದಲ್ಲಿ ಎಂಜಿನಿಯರುಗಳ ಗಂಟೆಯೇ ಬಿಲ್ಲು; ‘ಫಿಕ್ಸೆಡ್ ಪ್ರೈಸ್’ನಲ್ಲಿ ಮೊತ್ತ ಮೊದಲೇ ನಿಗದಿ, ಗಂಟೆ ಕಂಪನಿಯ ಒಳಲೆಕ್ಕಕ್ಕೆ ಮಾತ್ರ. ಯಾವ ಯೋಜನೆಗೂ ಸೇರದವರು ‘ಬೆಂಚ್’ ಮೇಲೆ. ಅವರ ಟೈಮ್‌ಶೀಟಿಗೂ ಒಂದು ಸಂಕೇತವಿರುತ್ತದೆ, ಸಂಬಳವೂ ಬರುತ್ತದೆ. ಆದರೂ ಆ ಸಂಕೇತವನ್ನು ವಾರಗಟ್ಟಲೆ ತುಂಬುವುದರ ಕಳವಳ ಬೆಂಗಳೂರಿನ ಯಾವ ಬಡಾವಣೆಯಲ್ಲಿ ಕೇಳಿದರೂ ಹೇಳುತ್ತಾರೆ. ಸಂಸ್ಥೆಗಳ ಮಟ್ಟಿಗೆ ಯುಟಿಲೈಸೇಷನ್ ಅಂಕಿ ಬಹಿರಂಗದ್ದು. ಇನ್ಫೋಸಿಸ್ ಪ್ರತಿ ತ್ರೈಮಾಸಿಕದಲ್ಲೂ ತರಬೇತಿಯಲ್ಲಿರುವವರನ್ನು ಸೇರಿಸಿ ಒಂದು, ಬಿಟ್ಟು ಇನ್ನೊಂದು ಯುಟಿಲೈಸೇಷನ್ ಅಂಕಿಯನ್ನು ಹೂಡಿಕೆದಾರರಿಗೆ ಪ್ರಕಟಿಸುತ್ತದೆ. ಹೊಸೂರು ರಸ್ತೆಯಲ್ಲಿ ಶುಕ್ರವಾರ ಸಂಜೆ ತುಂಬಿದ ಕೋಷ್ಟಕ, ಹೀಗೆ ಸೋಸಿ ಸೋಸಿ, ಷೇರುಪೇಟೆಯವರು ಓದುವ ಪುಟಕ್ಕೆ ಬರುತ್ತದೆ.

ಟೈಮ್ ಅಂಡ್ ಮೆಟೀರಿಯಲ್ ಯೋಜನೆಯ ಎಂಜಿನಿಯರ್ ಹಲವು ಕಡೆ ಎರಡು ಟೈಮ್‌ಶೀಟ್ ತುಂಬುತ್ತಾರೆ: ತಮ್ಮ ಕಂಪನಿಯದೊಂದು, ಕ್ಲೈಂಟ್ ಕಂಪನಿಯ ಫೀಲ್ಡ್‌ಗ್ಲಾಸ್‌ನಂಥ ವ್ಯವಸ್ಥೆಯಲ್ಲೊಂದು. ಎರಡೂ ಹೊಂದಬೇಕು. ಹೊಂದದಿರಲು ಕಾರಣಗಳು ಬೇಕಾದಷ್ಟಿವೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಇಲ್ಲಿ ರಜೆ, ಕ್ಲೈಂಟ್‌ಗೆ ಮಾಮೂಲು ದಿನ. ಅದೇ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್‌ಗೆ ಅಲ್ಲಿ ಬಾಗಿಲು ಮುಚ್ಚಿದ್ದರೆ, ಇಲ್ಲಿನವರು ಕೆಲಸ ಮಾಡಿ ಯಾವ ಸಂಕೇತಕ್ಕೆ ಬರೆಯುವುದು? ಕಾಲವಲಯದ ತೊಡಕು ಇನ್ನೊಂದು. ಶನಿವಾರ ನಸುಕಿನ ಒಂದು ಗಂಟೆಗೆ ಮುಗಿದ ಕರೆ ನ್ಯೂಜೆರ್ಸಿಯಲ್ಲಿ ಇನ್ನೂ ಶುಕ್ರವಾರ ಮಧ್ಯಾಹ್ನದ್ದು. ಒಂದು ತಂತ್ರಾಂಶ ಸ್ಥಳೀಯ ದಿನಾಂಕ ಹಿಡಿದು ಇನ್ನೊಂದು ಕ್ಲೈಂಟ್‌ನ ದಿನಾಂಕ ಹಿಡಿದರೆ, ತಿಂಗಳ ಕೊನೆಯಲ್ಲಿ ಒಂದು ದಿನದ ಹಣ ಮುಂದಿನ ತಿಂಗಳಿಗೆ ಜಾರುತ್ತದೆ.

ಇವೆಲ್ಲ ಸರಿಪಡಿಸಬಹುದಾದ ತೊಡಕುಗಳು. ಸರಿಪಡಿಸಲು ಯಾರಿಗೂ ಅವಸರವಿಲ್ಲದ್ದು ಇನ್ನೊಂದಿದೆ. ಒಪ್ಪಂದದಲ್ಲಿ ವಾರಕ್ಕೆ 40 ಗಂಟೆ ಎಂದಿದ್ದರೆ ಟೈಮ್‌ಶೀಟಿನಲ್ಲೂ 40 ಇರುತ್ತದೆ. ರಾತ್ರಿ ಹತ್ತಕ್ಕೆ ಸ್ಟೇಟಸ್ ಕಾಲ್ ಮುಗಿಸಿದ ವಾರವೂ 40, ಹಬ್ಬದ ಗುಂಗಿನಲ್ಲಿ ನಿಧಾನವಾಗಿ ಸಾಗಿದ ವಾರವೂ 40. ದಿನಕ್ಕೆ ಎಂಟೆಂಟು ಎಂದು ಐದು ಮನೆ ತುಂಬುವುದನ್ನು ಸುಲಭ ಮಾಡಲು ತಂತ್ರಾಂಶಗಳು ‘ಹಿಂದಿನ ವಾರವನ್ನೇ ನಕಲಿಸು’ ಎಂಬ ಗುಂಡಿಯನ್ನೂ ಕೊಟ್ಟಿವೆ. ಈ ಗುಂಡಿ ಇರುವ ದಾಖಲೆಯಿಂದ ಯಾರು ಎಷ್ಟು ದುಡಿದರೆಂದು ತಿಳಿಯಲು ಹೋಗುವುದು ವ್ಯರ್ಥ. ಅದು ಒಪ್ಪಂದದ ಪ್ರತಿ, ದಿನಚರಿಯದಲ್ಲ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. 40ಕ್ಕೆ ನಿಲ್ಲುವ ಕೋಷ್ಟಕದಲ್ಲಿ ಉಳಿದ 30 ಗಂಟೆಯನ್ನು ಎಲ್ಲಿ ಬರೆಯುವುದೆಂಬ ಪ್ರಶ್ನೆ ಮಾತ್ರ ಆ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಹಾಜರಿಯ ಲೆಕ್ಕ ಕಚೇರಿಯ ಗೇಟಿನ ಸ್ವೈಪ್ ಯಂತ್ರದಲ್ಲಿ ಬೇರೆಯಾಗಿ ನಡೆಯುತ್ತದೆ. ಕ್ಯಾಬ್ ಇಳಿದು ಕಾರ್ಡ್ ತೋರಿಸಿದ ಹೊತ್ತಿಗೂ ಟೈಮ್‌ಶೀಟಿನ ಎಂಟು ಗಂಟೆಗೂ ಸಂಬಂಧವಿರಬೇಕಿಲ್ಲ. ಎರಡನ್ನೂ ಹೋಲಿಸುವ ವರದಿಗಳು ಈಚೆಗೆ ಹೆಚ್ಚಿವೆ, ಮುಖ್ಯವಾಗಿ ಕಚೇರಿಗೆ ಮರಳಿ ಬನ್ನಿ ಎಂಬ ಆದೇಶಗಳ ನಂತರ.

ಅಮೆರಿಕಕ್ಕೆ ಎಚ್-1ಬಿ ವೀಸಾದ ಮೇಲೆ ಹೋದ ಕನ್ನಡಿಗರಿಗೆ ಟೈಮ್‌ಶೀಟ್ ಇನ್ನೂ ತೀವ್ರವಾದ ವಿಷಯ. ಸಣ್ಣ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಕ್ಲೈಂಟ್ ಸಹಿ ಮಾಡಿದ ಹಾಳೆ ಬಂದರೆ ಮಾತ್ರ ಸಂಬಳ ಎಂಬ ರೂಢಿ ಕಂಡುಬರುತ್ತದೆ. ಅಲ್ಲಿನ ಕಾರ್ಮಿಕ ಇಲಾಖೆಯ ನಿಯಮ ಬೇರೆ ಹೇಳುತ್ತದೆ: ಕೆಲಸವಿಲ್ಲದ್ದು ಮಾಲೀಕನ ಕಾರಣದಿಂದಾದರೆ ಆ ಅವಧಿಗೂ ಸಂಬಳ ಕೊಡಲೇಬೇಕು. ತಕರಾರು ಬಂದಾಗ ಅದೇ ಹಾಳೆಗಳು ಸಾಕ್ಷ್ಯವಾಗುತ್ತವೆ.

ಪರದೆಯ ಕಾವಲು

ನೌಕರನ ಮಾತನ್ನು ನಂಬದೆ ಅವನ ಗಣಕವನ್ನೇ ಕೇಳುವ ತಂತ್ರಾಂಶಗಳು ಬೇರೆ ವರ್ಗ. ಅಪ್‌ವರ್ಕ್ ಎಂಬ ಸ್ವತಂತ್ರ ಕೆಲಸಗಾರರ ಮಾರುಕಟ್ಟೆಯಲ್ಲಿ ಗಂಟೆ ದರದ ಕೆಲಸಕ್ಕೆ ‘ವರ್ಕ್ ಡೈರಿ’ ಇದೆ: ಪ್ರತಿ ಹತ್ತು ನಿಮಿಷಕ್ಕೆ ಒಮ್ಮೆ, ಹೇಳದ ಕ್ಷಣದಲ್ಲಿ, ಪರದೆಯ ಚಿತ್ರ ತೆಗೆಯುತ್ತದೆ. ಮುಖ ನೋಡದ ಇಬ್ಬರು ದೇಶದಾಚೆ ಕುಳಿತು ವ್ಯವಹರಿಸುವಾಗ ಇದು ಇಬ್ಬರಿಗೂ ಒಂದು ಭರವಸೆ. ಹಾಗೆ ದಾಖಲಾದ ಗಂಟೆಗಳಿಗೆ ಆ ತಾಣ ಹಣದ ಖಾತರಿಯನ್ನೂ ಕೊಡುತ್ತದೆ. ಕಚೇರಿಯೊಳಗೆ ಅದೇ ವಿಧಾನ ತಂದಾಗ ಬೇರೆ ಪರಿಣಾಮ. ಬಾರ್ಕ್ಲೇಸ್ ಬ್ಯಾಂಕು ಲಂಡನ್ ಕಚೇರಿಯ ಸಿಬ್ಬಂದಿ ಮೇಲೆ ಇಂಥ ತಂತ್ರಾಂಶ ಹಾಕಿ, ಟೀಕೆ ಬಂದ ಮೇಲೆ 2020ರ ಫೆಬ್ರವರಿಯಲ್ಲಿ ಹಿಂದೆಗೆಯಿತು. 2024ರಲ್ಲಿ ವೆಲ್ಸ್ ಫಾರ್ಗೊ ಬ್ಯಾಂಕು ಕೀಲಿಮಣೆ ಬಳಸುತ್ತಿರುವಂತೆ ನಟಿಸಿದ ಕಾರಣಕ್ಕೆ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿದ ಸುದ್ದಿಯಾಯಿತು. ಚಲನೆಯನ್ನು ಅಳೆದರೆ ಚಲನೆಯೇ ತಯಾರಾಗುತ್ತದೆ. ಮೌಸ್ ಅಲುಗಾಡಿಸುವ ಪುಟ್ಟ ಯಂತ್ರಗಳ ವ್ಯಾಪಾರ ಈ ಅಳತೆಯ ನೆರಳಲ್ಲೇ ಬೆಳೆದದ್ದು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2023ರ ಜನವರಿಯಲ್ಲಿ ಬಂದ ನ್ಯಾಯಮಂಡಳಿಯ ತೀರ್ಪೊಂದು ಈ ವಿಷಯದಲ್ಲಿ ವಿವರವಾಗಿ ನೋಡಬೇಕಾದದ್ದು. ಮನೆಯಿಂದ ಕೆಲಸ ಮಾಡುತ್ತಿದ್ದ ಲೆಕ್ಕಪತ್ರ ನೌಕರರೊಬ್ಬರು ತಮ್ಮನ್ನು ಅನ್ಯಾಯವಾಗಿ ತೆಗೆದರೆಂದು ಬಾಕಿ ಸಂಬಳ ಕೇಳಿದರು. ಸಂಸ್ಥೆ ಪ್ರತಿದಾವೆ ಹೂಡಿತು. ಅವರ ಗಣಕದಲ್ಲಿ ಟೈಮ್‌ಕ್ಯಾಂಪ್ ಎಂಬ ತಂತ್ರಾಂಶವಿತ್ತು. ಅದರ ದಾಖಲೆಗೂ ಅವರು ಕೈಯಾರೆ ತುಂಬಿದ ಟೈಮ್‌ಶೀಟಿಗೂ 50.76 ಗಂಟೆಯ ವ್ಯತ್ಯಾಸ ಕಂಡಿತ್ತು. ಕಡತಗಳನ್ನು ಮುದ್ರಿಸಿಕೊಂಡು ಕಾಗದದ ಮೇಲೆ ಕೆಲಸ ಮಾಡಿದೆ ಎಂದು ಅವರು ವಾದಿಸಿದರು. ಮುದ್ರಿಸಿದ್ದರೆ ಅದೂ ದಾಖಲಾಗುತ್ತಿತ್ತು, ಕಾಗದದಲ್ಲಿ ಮಾಡಿದ್ದನ್ನು ಮರಳಿ ಗಣಕಕ್ಕೆ ಏರಿಸಲೇಬೇಕಿತ್ತು ಎಂದು ಸಂಸ್ಥೆ ತೋರಿಸಿತು. ಮಂಡಳಿ ಸಂಸ್ಥೆಯ ಮಾತು ಒಪ್ಪಿ, ಆ ಗಂಟೆಗಳ ಸಂಬಳ ಮರಳಿಸಲು ಹೇಳಿತು. ಲೆಕ್ಕಪತ್ರದ ಕೆಲಸ ಕೊನೆಗೆ ಗಣಕಕ್ಕೇ ಬಂದು ಮುಟ್ಟುತ್ತದೆ ಎಂಬುದು ಈ ವಾದದ ಬಲ. ವಾಸ್ತುಶಿಲ್ಪಿ ಕಿಟಕಿಯ ಬಳಿ ನಿಂತು ಮೆಟ್ಟಿಲಿನ ತಿರುವನ್ನು ಯೋಚಿಸಿದ ಅರ್ಧ ಗಂಟೆಗೆ ಇದೇ ತರ್ಕ ಅನ್ವಯಿಸಿದರೆ ಫಲಿತಾಂಶ ಅನ್ಯಾಯವಾದೀತು.

ಕಾನೂನಿನ ಬೇಡಿಕೆ

ಯೂರೋಪಿನಲ್ಲಿ ಚರ್ಚೆ ತಲೆಕೆಳಗು. ಅಲ್ಲಿ ಗಂಟೆ ದಾಖಲಿಸಿ ಎಂದು ಕೇಳಿದ್ದು ಕಾರ್ಮಿಕ ಸಂಘ. ಡಾಯ್ಚ ಬ್ಯಾಂಕಿನ ಸ್ಪೇನ್ ಅಂಗಸಂಸ್ಥೆಯಲ್ಲಿದ್ದ ತಂತ್ರಾಂಶ ಇಡೀ ದಿನದ ಗೈರುಹಾಜರಿಯನ್ನು ಮಾತ್ರ ಗುರುತಿಸುತ್ತಿತ್ತು. ದುಡಿದ ಗಂಟೆ ಎಲ್ಲೂ ಬರೆಯುತ್ತಿರಲಿಲ್ಲ. ಹೀಗಾದರೆ ಹೆಚ್ಚುವರಿ ದುಡಿಮೆಯನ್ನು ಸಾಬೀತುಮಾಡುವುದು ಹೇಗೆ ಎಂಬ ಸಂಘದ ದೂರಿಗೆ ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಮೇ 14ರಂದು ಒಪ್ಪಿಗೆ ಕೊಟ್ಟು, ದಿನದಿನದ ದುಡಿಮೆಯ ಅವಧಿಯನ್ನು ಅಳೆಯುವ ವಸ್ತುನಿಷ್ಠ, ನಂಬಲರ್ಹ, ನೌಕರರಿಗೂ ತೆರೆದ ವ್ಯವಸ್ಥೆ ಇರಬೇಕು ಎಂದಿತು. ಸ್ಪೇನ್ ಎರಡು ದಿನ ಮೊದಲೇ ಅಂಥ ಕಾನೂನನ್ನು ಜಾರಿಗೆ ತಂದಿತ್ತು. ಜರ್ಮನಿಯ ಫೆಡರಲ್ ಕಾರ್ಮಿಕ ನ್ಯಾಯಾಲಯ 2022ರ ಸೆಪ್ಟೆಂಬರಿನಲ್ಲಿ ಅದೇ ದಾರಿ ಹಿಡಿಯಿತು. ದಾಖಲೆ ನೌಕರನ ಕೈಗೂ ಸಿಗಬೇಕೆಂಬ ಷರತ್ತು ಇಲ್ಲಿನ ಮುಖ್ಯ ಅಂಶ. ಮಾಲೀಕನಿಗೆ ಮಾತ್ರ ಕಾಣುವ ಗಡಿಯಾರ ಕಾವಲಿನ ಸಾಧನ. ಇಬ್ಬರಿಗೂ ಕಾಣುವುದು ಲೆಕ್ಕದ ಸಾಧನ.

ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ; ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ವಿಧಿಸಿದೆ. ಐಟಿ ಕ್ಷೇತ್ರದಲ್ಲಿ ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ಎಡೆ ಕೊಡುವ ತಿದ್ದುಪಡಿಯ ಪ್ರಸ್ತಾಪ 2024ರ ಜುಲೈನಲ್ಲಿ ಬಂದಾಗ ಐಟಿ ನೌಕರರ ಸಂಘವಾದ ಕೆಐಟಿಯು ಬಲವಾಗಿ ವಿರೋಧಿಸಿತು. ಮಿತಿ ಎಷ್ಟೇ ಇರಲಿ, 40 ಎಂದು ನಕಲಾಗುವ ಟೈಮ್‌ಶೀಟ್ ಅದನ್ನು ಮೀರಿದ್ದಕ್ಕೆ ಪುರಾವೆ ಕೊಡಲಾರದು. ಇನ್ನು ಪರದೆಯ ಕಾವಲಿನ ಮಾತು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಕ್ಕೂ ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೂ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಅವಕಾಶವಿಟ್ಟಿದೆ. ಬಾಗಿಲು ಸಾಕಷ್ಟು ಅಗಲವಾಗಿಯೇ ತೆರೆದಿದೆ.

ಗಂಟೆ ಕುಗ್ಗಿದಾಗ

ಒಂದೇ ಗಂಟೆಯನ್ನು ಇಬ್ಬರಿಗೆ ಮಾರಬಹುದೇ? ಒಬ್ಬ ಕಕ್ಷಿದಾರನ ಕೆಲಸಕ್ಕಾಗಿ ವಿಮಾನದಲ್ಲಿ ಹೋಗುತ್ತ ಇನ್ನೊಬ್ಬನ ಕಡತ ಓದಿದ ವಕೀಲ ಇಬ್ಬರಿಗೂ ಪೂರ್ತಿ ಹೊತ್ತಿನ ಬಿಲ್ ಕಳಿಸಬಾರದೆಂದು ಅಮೆರಿಕನ್ ಬಾರ್ ಅಸೋಸಿಯೇಷನ್ 1993ರ ಅಭಿಪ್ರಾಯದಲ್ಲಿ ಹೇಳಿತ್ತು. ಹಿಂದೊಮ್ಮೆ ಬೇರೆಯವರಿಗೆ ಮಾಡಿದ ಸಂಶೋಧನೆಯನ್ನು ಮರುಬಳಸಿದರೆ ಹಳೆಯ ಗಂಟೆಗಳನ್ನು ಮತ್ತೆ ಕೇಳುವಂತಿಲ್ಲ ಎಂಬುದೂ ಅದರಲ್ಲಿತ್ತು. ಗಂಟೆ ಬೆಲೆಯಾದರೆ ಚುರುಕಾದವನಿಗೇ ನಷ್ಟ ಎಂಬ ಬಿಕ್ಕಟ್ಟು ಆಗಲೇ ಗೊತ್ತಿತ್ತು. ಹಾಗಾಗಿ ನಿಗದಿತ ಶುಲ್ಕ, ಮಾಸಿಕ ಶುಲ್ಕ, ಫಲದ ಮೇಲಿನ ಶುಲ್ಕಗಳ ಪ್ರಯೋಗ ನಡೆಯುತ್ತಲೇ ಬಂದಿದೆ. ಇವನ್ನು ಒಪ್ಪಿದ ಸಂಸ್ಥೆಗಳೂ ಟೈಮ್‌ಶೀಟನ್ನು ಬಿಟ್ಟಿಲ್ಲ. ನಿಗದಿತ ಶುಲ್ಕದಲ್ಲಿ ಲಾಭ ಉಳಿಯಿತೋ ಎಂದು ತಿಳಿಯಲು ಸ್ಮಿತ್‌ಗೆ ಬೇಕಾಗಿದ್ದ ಆ ಒಳಲೆಕ್ಕವೇ ಬೇಕು.

ಕೃತಕ ಬುದ್ಧಿಮತ್ತೆ ಈ ಬಿಕ್ಕಟ್ಟನ್ನು ದೊಡ್ಡದು ಮಾಡಿದೆ. ತಂತ್ರಾಂಶಗಳು ಈಗ ಇಮೇಲು, ಕರೆಗಳ ಜಾಡು ಹಿಡಿದು ಟಿಪ್ಪಣಿ ಸಹಿತ ಟೈಮ್‌ಶೀಟ್ ಬರೆದುಕೊಡುತ್ತವೆ. ಆರು ಗಂಟೆಯ ಕರಡನ್ನು ನಿಮಿಷಗಳಲ್ಲಿ ತಯಾರಿಸುವುದೂ ಅದೇ ಬಗೆಯ ತಂತ್ರಾಂಶ. ಅಮೆರಿಕನ್ ಬಾರ್ ಅಸೋಸಿಯೇಷನ್ 2024ರ ಜುಲೈನಲ್ಲಿ ಕೊಟ್ಟ 512ನೇ ಅಭಿಪ್ರಾಯದ ಪ್ರಕಾರ ಗಂಟೆ ದರದ ವಕೀಲ ನಿಜವಾಗಿ ಹಿಡಿದ ಹೊತ್ತನ್ನು ಮಾತ್ರ ಕೇಳಬಹುದು: ಯಂತ್ರಕ್ಕೆ ವಿಷಯ ಒದಗಿಸಲು ಕಾಲು ಗಂಟೆ ಹಿಡಿದರೆ ಕಾಲು ಗಂಟೆ, ಜತೆಗೆ ಅದು ಕೊಟ್ಟದ್ದನ್ನು ಪರಿಶೀಲಿಸಲು ಹಿಡಿದಷ್ಟು. ಕಕ್ಷಿದಾರನಿಗೋಸ್ಕರವೇ ಅಲ್ಲದೆ ಒಟ್ಟಾರೆ ಆ ಸಾಧನವನ್ನು ಕಲಿಯಲು ಕಳೆದ ಹೊತ್ತನ್ನು ಅವನಿಂದ ಕೇಳುವಂತಿಲ್ಲ. ಕಚೇರಿಯ ಬರವಣಿಗೆ ತಂತ್ರಾಂಶದೊಳಗೇ ಸೇರಿಬಂದ ಬುದ್ಧಿಮತ್ತೆಯ ಖರ್ಚು ಕಚೇರಿ ಬಾಡಿಗೆಯ ಹಾಗೆ ಸಂಸ್ಥೆಯದೇ. ಹೊರಗಿನ ಸೇವೆಗೆ ಬಳಕೆಯ ಲೆಕ್ಕದಲ್ಲಿ ಹಣ ಕೊಟ್ಟಿದ್ದರೆ, ಮೊದಲೇ ತಿಳಿಸಿ ಒಪ್ಪಿಸಿಕೊಂಡು, ಆ ಮೊತ್ತವನ್ನು ಗಂಟೆಗಳ ಸಾಲಿನಿಂದ ಬೇರೆಯಾಗಿ ಖರ್ಚಿನ ಸಾಲಿನಲ್ಲಿ ತೋರಿಸಬಹುದು.